ಎಡಗಡೆಯ ಮೂರನೇ ಸೀಟು

ಹೊಂಬಳದಲ್ಲಿ ಬಸ್ಸಿಗೆ ಬಾಗಿಲಿಗಿಂತ ಕಿಟಕಿಯೇ ಮುಖ್ಯ. ಗದಗಿನಿಂದ ಬಂದ ಮುಂಜಾನೆಯ ಬಸ್ಸು ಊರಬಾಗಿಲ ಅಗಸಿಯ ಮುಂದೆ ತಿರುಗಿ ನಿಲ್ಲುವ ಮೊದಲೇ ಟವೆಲ್, ದಸ್ತಿ, ಪುಸ್ತಕದ ಚೀಲ, ಒಮ್ಮೊಮ್ಮೆ ಒಂಟಿ ಚಪ್ಪಲಿ ಕೂಡ ಕಿಟಕಿಗಳಿಂದ ಒಳಗೆ ಹಾರಿ ಸೀಟುಗಳ ಮೇಲೆ ಬೀಳುತ್ತವೆ. ಬಿದ್ದ ವಸ್ತು ಯಾರದೋ, ಸೀಟು ಅವರದು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಗದ್ದಲ ಇಮ್ಮಡಿಯಾಯಿತು, ಆದರೆ ಈ ಕಟ್ಟಳೆ ಮುರಿಯಲಿಲ್ಲ. ಯಾರ ಟವೆಲ್ ಮೊದಲು ಬಿತ್ತು ಎಂದು ಜನ ಜಗಳವಾಡುತ್ತಾರೆ. ಟವೆಲ್ಲಿಗೆ ಸೀಟು ಹಿಡಿಯುವ ಹಕ್ಕು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ.

ಪಿಂಜಾರ ಅಝೀಮನ ಟವೆಲ್ ಬೀಳುತ್ತಿದ್ದದ್ದು ಎಡಗಡೆಯ ಮೂರನೇ ಸೀಟಿನ ಮೇಲೆ. ಕೆಂಪು ಬಿಳಿ ಚೌಕುಳಿಯದು. ಒಗೆದು ಒಗೆದು ಕೆಂಪೆಲ್ಲ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ಎಷ್ಟು ಒಗೆದರೂ ಅದರ ನೂಲಿನಲ್ಲಿ ಹತ್ತಿಯ ಎಳೆ ಉಳಿದೇ ಇರುತ್ತಿತ್ತು. ಅವನು ಹತ್ತಿ ಹಿಂಜಿ ಗಾದಿ ಕಟ್ಟುವವನು. ಯಂತ್ರದ ಮುಂದೆ ನಿಂತಾಗ ಧೂಳು ಒಳಹೋಗದಂತೆ ಮೂಗು ಬಾಯಿಗೆ ಬಿಗಿಯುವ ಟವೆಲ್ ಅದು. ಅದನ್ನು ಅವನು ಬಸ್ಸಿಗೆ ಎಸೆಯುತ್ತಿದ್ದದ್ದು ತನಗಾಗಿ ಅಲ್ಲ, ಗದಗಿನ ಪ್ರೆಸ್ಸಿಗೆ ಕೆಲಸಕ್ಕೆ ಹೋಗುವ ಹೆಂಡತಿ ಮೆಹನಾಜಳಿಗಾಗಿ. ಎಸೆದು, ಸರಿಯಾಗಿ ಬಿತ್ತೋ ಇಲ್ಲವೋ ಎಂದು ಒಮ್ಮೆ ಕಿಟಕಿಯತ್ತ ನೋಡಿ, ಹೆಂಡತಿಯತ್ತ ನೋಡದೆ, ತನ್ನ ಶೆಡ್ಡಿನ ಕಡೆ ನಡೆದುಬಿಡುತ್ತಿದ್ದ. ಮೆಹನಾಜ ಬಸ್ಸು ಹತ್ತಿ, ಟವೆಲ್ ಮಡಚಿ ಬ್ಯಾಗಿನಲ್ಲಿ ಊಟದ ಡಬ್ಬಿಯ ಪಕ್ಕ ಇಟ್ಟುಕೊಂಡು ಕೂರುತ್ತಿದ್ದಳು. ಟವೆಲ್ ಅವಳ ಜೊತೆ ಗದಗಿಗೆ ಹೋಗಿ, ಸಂಜೆ ಅವಳ ಜೊತೆಗೇ ಬಂದು ಬಾಗಿಲ ಹಿಂದಿನ ಮೊಳೆ ಸೇರುತ್ತಿತ್ತು.

“ಬಂತು ನೋಡ್ರಿ, ಬಾದಶಹಾನ ಟಾವೆಲ್” ಎಂದು ತಿಪ್ಪವ್ವ ದಿನವೂ ಅನ್ನುವಳು. ಗದಗಿನ ಬಜಾರಕ್ಕೆ ಮೆಂತೆ, ಕಿರಕಸಾಲಿ ಸೊಪ್ಪಿನ ಬುಟ್ಟಿ ಒಯ್ಯುವ ಮುದುಕಿ ಅವಳು. “ಅಝೀಮಾ, ನನಗೂ ಒಂದು ಸೀಟ ಹಿಡಿಯೋ ಯಪ್ಪಾ. ಮೊಣಕಾಲ ಮುರದ ಹೋಗ್ಯಾವು. ಹೆಂಡತಿ ಆಗಬೇಕೇನ ಅದಕ್ಕ?”

ಅಝೀಮ ನಗುತ್ತಿದ್ದ, ಅಷ್ಟೇ.

“ಅವಗ ಮಾತಾಡಸಬ್ಯಾಡ ತಿಪ್ಪವ್ವ” ಎಂದು ಹಿಂದಿನ ಸೀಟಿನಿಂದ ಹುಲಗಪ್ಪ ಸೇರಿಸುವನು. ಗದಗಿನ ಎಣ್ಣೆ ಮಿಲ್ಲಿನಲ್ಲಿ ಕಾವಲಿನ ಕೆಲಸ ಅವನದು. “ಬಾಯಿ ತಗದ್ರ ಒಳಗಿಂದ ಹತ್ತಿ ಹಾರತೈತಿ.”

ಒಂದು ರಂಜಾನ್ ಹಬ್ಬಕ್ಕೆ ಮೆಹನಾಜ ಗಂಡನಿಗೆ ಹೊಸ ನೀಲಿ ಟವೆಲ್ ತಂದಳು. ಹಳೆಯದು ಮೂಗಿಗೆ ಕಟ್ಟಲು ಶೆಡ್ಡಿನಲ್ಲೇ ಇರಲಿ, ಬಸ್ಸಿಗೆ ಇದು ಎಂಬುದು ಅವಳ ಲೆಕ್ಕಾಚಾರ. ಮರುದಿನ ನೀಲಿ ಟವೆಲ್ ಕಿಟಕಿಯಿಂದ ಹಾರಿ ಬಿತ್ತು. ಮೆಹನಾಜ ಹತ್ತಿ ನೋಡಿದರೆ ಟವೆಲ್ ಕಂಬಿಯ ಮೇಲೆ ನೇತಾಡುತ್ತಿತ್ತು, ಸೀಟಿನಲ್ಲಿ ತಿಪ್ಪವ್ವ ಕೂತಿದ್ದಳು.

“ದೊಡ್ಡವ್ವಾ, ಅದು ನಮ್ಮದು.”

“ನಿಮ್ಮದ? ನಿಮ್ಮದು ಕೆಂಪಂದಲ್ಲ? ಈ ನೀಲಿ ಯಾವ ಊರದೋ ಯಾರದೋ! ಮುಖ ಗುರ್ತಿಲ್ಲದ ಟಾವೆಲ್ಲಿಗೆ ಸೀಟ ಕೊಡಾಕ ಇದೇನ ಛತ್ರಾ?”

ಬಸ್ಸೆಲ್ಲ ನಕ್ಕಿತು. ಆವತ್ತು ಮೆಹನಾಜ ನಿಂತೇ ಹೋದಳು. ಮಾರನೆಯ ದಿನದಿಂದ ಮತ್ತೆ ಕೆಂಪು ಚೌಕುಳಿಯೇ ಬಿತ್ತು. ನೀಲಿ ಟವೆಲ್ಲನ್ನು ಅತ್ತೆ ಗುಲಾಬಬಿ ರೊಟ್ಟಿಯ ಬುಟ್ಟಿಗೆ ಮುಚ್ಚಿದಳು. ಕೆಂಪು ಟವೆಲ್ ಹಗಲೆಲ್ಲ ಗದಗಿನಲ್ಲಿರುವುದರಿಂದ ಅಝೀಮ ಕೆಲಸಕ್ಕೆ ಏನು ಕಟ್ಟಿಕೊಳ್ಳುತ್ತಾನೆ ಎಂದು ಮೆಹನಾಜ ಆಗಲೂ ಕೇಳಲಿಲ್ಲ. ಕೇಳಿದ್ದರೂ ಅವನು “ಹೂಂ” ಅನ್ನುತ್ತಿದ್ದ.

ಆ “ಹೂಂ” ಅವನ ಇಡೀ ಭಾಷೆ. ಉಂಡೆಯಾ ಎಂದರೆ ಹೂಂ, ಮಳೆ ಬರುವಂತಿದೆ ಎಂದರೆ ಹೂಂ. ಮೆಹನಾಜಳ ತವರು ಲಕ್ಷ್ಮೇಶ್ವರ. ಅವಳ ತಂದೆ ಮಹಬೂಬಸಾಬರು ಬಳೆ ವ್ಯಾಪಾರಿ. ಬಳೆ ಇಡಿಸಿಕೊಳ್ಳಲು ಬಂದ ಹೆಣ್ಣಿಗೆ ನೋವು ಗೊತ್ತಾಗಬಾರದೆಂದು ಕೈ ಹಿಡಿದಷ್ಟು ಹೊತ್ತೂ ಏನಾದರೊಂದು ಹೇಳುತ್ತಲೇ ಇರುವವರು. ಆ ರೂಢಿ ಮನೆಗೂ ಬಂದಿತ್ತು. ಆ ಮನೆಯಲ್ಲಿ ಉಪ್ಪು ಕೇಳುವುದಕ್ಕೂ ಒಂದು ಕತೆ ಇರುತ್ತಿತ್ತು. ಅಲ್ಲಿಂದ ಬಂದವಳಿಗೆ ಹೊಂಬಳದ ಮನೆಯ ಊಟದಲ್ಲಿ ಖಡಕ್ ರೊಟ್ಟಿ ಮುರಿಯುವ ಸದ್ದೊಂದೇ ಕೇಳಿಸಿತು. ಮೊದಲು ಅದು ಅವಳಿಗೆ ಹಿತವಾಗಿಯೇ ಇತ್ತು. ಮಾತಾಡದ ಗಂಡಸಿನ ಒಳಗೆ ಬಹಳ ಇರುತ್ತದೆ ಎಂದು ಹೊಸದಾಗಿ ಮದುವೆಯಾದ ಹೆಣ್ಣು ನಂಬುತ್ತಾಳೆ. ಕೆಲಕಾಲ ಕಳೆದ ಮೇಲೆ, ಒಳಗೆ ಏನಿದ್ದರೇನು, ತನಗಂತೂ ಸಿಗುವುದಿಲ್ಲವಲ್ಲ ಅನ್ನಿಸತೊಡಗುತ್ತದೆ.

“ನಿನ್ನ ಮಾವನೂ ಹಿಂಗ ಇದ್ರು” ಎಂದು ಗುಲಾಬಬಿ ಒಮ್ಮೆ ಹೇಳಿದ್ದಳು. “ನನಗ ಸಿಟ್ಟ ಬಂದ್ರ ಹೋಗಿ ಎಮ್ಮಿ ಜೋಡಿ ಮಾತಾಡ್ತಿದ್ದೆ. ಎಮ್ಮಿ ಹೊಳ್ಳಿ ನೋಡತಿತ್ತು. ಇವರು ಅದನ್ನೂ ಮಾಡತಿದ್ದಿಲ್ಲ.”

ಮೆಹನಾಜ ನಕ್ಕಿದ್ದಳು. ಆಗ ಅವಳ ತಾಯಿ ಬದುಕಿದ್ದಳು. ನಕ್ಕದ್ದನ್ನು ಮರುದಿನ ಫೋನಿನಲ್ಲಿ ಹೇಳಿಕೊಳ್ಳಲು ಒಬ್ಬರಿದ್ದರು.

ತಾಯಿ ತೀರಿದ್ದು ಕಳೆದ ಚಳಿಗಾಲದಲ್ಲಿ. ಲಕ್ಷ್ಮೇಶ್ವರದ ಮನೆ ತುಂಬ ಜನ. ಎಲ್ಲರೂ ಏನಾದರೂ ಹೇಳಿದರು, ಹೇಳಲು ತೋಚದವರು ಅತ್ತರು. ಅಝೀಮ ಎರಡನ್ನೂ ಮಾಡಲಿಲ್ಲ. ಶವಕ್ಕೆ ಹೆಗಲು ಕೊಟ್ಟ, ನೀರು ಸೇದಿದ, ಬಂದವರ ಚಪ್ಪಲಿಗಳನ್ನು ನೆರಳಿಗೆ ಸರಿಸಿಟ್ಟ. ಜನ ಚದುರಿದ ಮೇಲೆ ಮೆಹನಾಜಳಿಗೆ ಒಂದು ಗುಟ್ಟಿನ ಚಟ ಹತ್ತಿತು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಅವಳು ಒಳಕೋಣೆಗೆ ಹೋಗಿ ಅಮ್ಮಿಯ ಗಾದಿಯ ಮೇಲೆ ಮಲಗುವಳು. ಅಮ್ಮಿ ಗೋಡೆಯ ಕಡೆಗೇ ಮಲಗುತ್ತಿದ್ದುದರಿಂದ ಅಲ್ಲಿ ಹತ್ತಿ ಕೂತು ಒಂದು ತಗ್ಗಾಗಿತ್ತು. ಬಾಗಿದ ಬೆನ್ನು, ಮಡಚಿದ ಮೊಣಕಾಲು, ಎಲ್ಲ ಅದರಲ್ಲಿ ಗೊತ್ತಾಗುತ್ತಿತ್ತು. ಅದರೊಳಗೆ ಮೈ ಮಡಚಿದರೆ ಕೊಬ್ಬರಿ ಎಣ್ಣೆಯ ವಾಸನೆ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾರಾದರೂ ಸಮಾಧಾನ ಮಾಡುತ್ತಾರೆ ಎಂಬ ಭಯವಿತ್ತು.

ಒಂದು ದಿನ ಅವಳು ಬಳಗದವರ ಮನೆಯಿಂದ ಬರುವಾಗ ಓಣಿಯ ತುದಿಗೇ ಠಂಯ್ ಠಂಯ್ ಎಂದು ತಂತಿಯ ಸದ್ದು ಕೇಳಿಸಿತು. ಅಂಗಳದಲ್ಲಿ ಅಝೀಮ ಕೂತಿದ್ದ. ಊರಿಗೆ ಹೋಗಿ ತನ್ನ ಅಪ್ಪನ ಕಾಲದ ಹಿಂಜುವ ಬಿಲ್ಲು ತಂದಿದ್ದ. ಸುತ್ತ ಹತ್ತಿ ಹಾರುತ್ತಿತ್ತು. ಹಳದಿಯಾಗಿ ಗಂಟುಗಂಟಾಗಿದ್ದ ಹತ್ತಿ ಬಿಲ್ಲಿನ ಹೊಡೆತಕ್ಕೆ ಬಿಳಿ ನೊರೆಯಾಗಿ ಗುಡ್ಡೆ ಬೀಳುತ್ತಿತ್ತು. ಅಮ್ಮಿಯ ಗಾದಿಯ ಮೇಲ್ಬಟ್ಟೆಯನ್ನು ಒಗೆದು ಹಗ್ಗಕ್ಕೆ ಹಾಕಿತ್ತು. ಸಂಜೆಯ ಹೊತ್ತಿಗೆ ಗಾದಿ ಉಬ್ಬಿ, ಹೊಸ ಹೊಲಿಗೆಯಾಗಿ, ಯಾವ ಮದುವೆಮನೆಗಾದರೂ ಕೊಡಬಹುದು ಅನ್ನುವ ಹಾಗೆ ಸಿದ್ಧವಾಯಿತು. ತಗ್ಗು ಇರಲಿಲ್ಲ; ಅದರ ಮೇಲೆ ಯಾರೂ ಯಾವತ್ತೂ ಮಲಗಿರಲೇ ಇಲ್ಲ ಅನ್ನುವಂತಿತ್ತು.

ಅಝೀಮ ಬಿಲ್ಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊಂಬಳಕ್ಕೆ ಹೋದ.

ಇಷ್ಟೇ ನಡೆದದ್ದು. ಇದನ್ನು ತಪ್ಪೆಂದು ಯಾರ ಮುಂದೆ ಹೇಳಿದರೂ ನಗುತ್ತಾರೆ: ಅಳಿಯ ಮನೆಯ ಗಾದಿ ಹಿಂಜಿ ಕೊಟ್ಟ, ಅದೂ ಪುಕ್ಕಟೆ. ಅದಕ್ಕೇ ಅವಳು ಹೇಳಲಿಲ್ಲ. ಆದರೆ ಆಮೇಲಿನಿಂದ ಅವನು ಹೂಂ ಅಂದಾಗಲೆಲ್ಲ ಅವಳಿಗೆ ಆ ತಂತಿಯ ಸದ್ದು ಕೇಳಿಸುವುದು. ಕೇಳದೆ ಬಿಚ್ಚಿದ, ಹೇಳದೆ ಹೊಲಿದ. ಇಂಥವನ ಜೊತೆ ಹೀಗೆಯೇ ಮುದುಕಿಯಾಗಬೇಕಲ್ಲ ಎಂದು ಅವಳು ಬಸ್ಸಿನ ಕಿಟಕಿಯಿಂದ ಎರೆಹೊಲ ನೋಡುತ್ತ ಯೋಚಿಸುವಳು. ಅವನದೇ ಟವೆಲ್ ತೊಡೆಯ ಮೇಲಿನ ಬ್ಯಾಗಿನಲ್ಲಿ ಇರುತ್ತಿತ್ತು.

ಪ್ರೆಸ್ಸಿನಲ್ಲಿ ಅವಳದು ಲಗ್ನಪತ್ರಿಕೆಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸುವ ಕೆಲಸ. ಮುಂಡರಗಿಯ ಬೀಗರು, ಶಿರಹಟ್ಟಿಯ ಬೀಗರು, ಯಳವತ್ತಿಯ ಮಾವಂದಿರು, ಎಲ್ಲರ ಪ್ರೀತಿಪೂರ್ವಕ ಆಮಂತ್ರಣಗಳೂ ಒಂದೇ ಅಚ್ಚಿನವು. ಹೆಸರು ಬದಲಿಸಿದರೆ ಆಯಿತು. ಪಕ್ಕದಲ್ಲಿ ಪತ್ರಿಕೆ ಮಡಚುವ ನಿಶಾತ ಗದಗಿಗೆ ಹೊಂದಿಕೊಂಡ ಬೆಟಗೇರಿಯವಳು. ತನ್ನ ಮನೆಯ ಮೇಲಿನ ಖೋಲಿ ಖಾಲಿಯಾಗಿದೆ ಎಂದು ಅವಳು ಯಾವುದೋ ಮಾತಿಗೆ ಹೇಳಿದ್ದನ್ನು ಮೆಹನಾಜ ಮನಸ್ಸಿನಲ್ಲಿ ಇಟ್ಟುಕೊಂಡಳು.

ಒಂದು ರಾತ್ರಿಯ ಊಟದಲ್ಲಿ ಅಂದಳು: “ಲಗ್ನದ ಸೀಸನ್ ಚಾಲೂ ಆಗೈತಿ. ಕೆಲಸ ಮುಗಿಯೂದು ಭಾಳ ತಡಾ ಆಗತೈತಿ. ನಿಶಾತಳ ಮನಿಯಾಗ ಒಂದು ಖೋಲಿ ಐತಿ. ಸ್ವಲ್ಪ ದಿನ ಅಲ್ಲೇ ಇರೂನು ಅಂತ ಮಾಡೇನಿ.”

ಅದು ಸೀಸನ್ನಿನ ಮಾತಲ್ಲ ಎಂದು ಮೂವರಿಗೂ ಗೊತ್ತಾಯಿತು. ಹಿಂದಿನ ಸೀಸನ್ನುಗಳಲ್ಲೂ ಕೆಲಸವಿತ್ತು, ಆಗ ಅವಳು ಕೊನೆಯ ಬಸ್ಸಿಗೆ ಬರುತ್ತಿದ್ದಳು. ಗುಲಾಬಬಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಮಗನ ಮುಖ ನೋಡಿದಳು. ಮೆಹನಾಜಳೂ ನೋಡಿದಳು. ಬೇಡ ಅನ್ನಲಿ, ಯಾಕೆ ಅನ್ನಲಿ, ಕೊನೆಗೆ ಬೈಯಲಿ.

ಅಝೀಮ ತಾಟಿನಲ್ಲಿ ಪುಂಡಿಪಲ್ಲೆಯನ್ನು ರೊಟ್ಟಿಯ ತುಣುಕಿನಿಂದ ಒಂದು ಮೂಲೆಗೆ ಸರಿಸಿದ. “ಹೂಂ” ಅಂದ. “ಆತು” ಎಂದೂ ಅಂದ.

“ಬಾಯಾಗ ಹತ್ತಿ ಇಟಗೊಂಡ ಹುಟ್ಟ್ಯಾನ ನನ್ನ ಮಗ!” ಎಂದು ಗುಲಾಬಬಿ ಎದ್ದು ಹೋದಳು. ಅಡಿಗೆಮನೆಯಿಂದ ಅವಳ ದನಿ ಬಂತು: “ಸೀಸನ್ ಮುಗದ ಮ್ಯಾಲೆ ಬರ್ತೀ ಅಲ್ಲ ಮೆಹನಾಜ?”

ಮೆಹನಾಜ “ಹೂಂ” ಅಂದಳು.

ಹೊರಡುವ ದಿನ ಅವಳ ಕೈಯಲ್ಲಿ ದೊಡ್ಡ ಚೀಲವಿತ್ತು. ಬಸ್ಸು ತಿರುಗಿ ನಿಲ್ಲುತ್ತಲೇ ಕೆಂಪು ಟವೆಲ್ ಎಂದಿನ ಕಿಟಕಿಯಿಂದ ಒಳಗೆ ಹೋಯಿತು. ಅಝೀಮ ಚೀಲವನ್ನೂ ಎತ್ತಿ ಅದೇ ಕಿಟಕಿಯಿಂದ ತೂರಿಸಿದ, ಅದು ಸಿಕ್ಕಿಕೊಂಡಾಗ ಹುಲಗಪ್ಪ ಒಳಗಿನಿಂದ ಎಳೆದ. “ಏನ ಮನೀನ ಹೊತಗೊಂಡ ಹೊಂಟೀಯಲ್ಲವಾ!” ಎಂದು ತಿಪ್ಪವ್ವ ಅಂದಳು. ಅಝೀಮ ಆವತ್ತು ತಕ್ಷಣ ಹೋಗಲಿಲ್ಲ. ಬಸ್ಸು ಹೊರಡುವವರೆಗೆ ಅಗಸಿಯ ಕಟ್ಟೆಯ ಬಳಿ ನಿಂತಿದ್ದ. ಏನಾದರೂ ಹೇಳುವುದಕ್ಕೆ ಹಾಗೆ ನಿಂತದ್ದೋ, ಬರೀ ನಿಂತದ್ದೋ ಗೊತ್ತಾಗಲಿಲ್ಲ.

ಬೆಟಗೇರಿಯ ಖೋಲಿಯಲ್ಲಿ ಚೀಲ ಬಿಚ್ಚುವಾಗಲೇ ಅವಳಿಗೆ ಟವೆಲ್ ನೆನಪಾದದ್ದು. ರೂಢಿಯಂತೆ ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡುಬಿಟ್ಟಿದ್ದಳು. ಇನ್ನೊಬ್ಬರ ವಸ್ತು ಇಟ್ಟುಕೊಂಡು ಹೊಸ ಬಾಳು ಶುರು ಮಾಡುವುದು ಹೇಗೆ? ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗಿ ಹೊಂಬಳದ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟಳು. ಹಳ್ಳಿಯಿಂದ ಗದಗಿನಲ್ಲಿ ಕಲಿಯುವ ಹುಡುಗರ ಬುತ್ತಿ, ಪೇಟೆಯಿಂದ ಔಷಧಿ, ಎಲ್ಲವೂ ಹಾಗೇ ಹೋಗಿ ಬರುವುದರಿಂದ ಅವನು ಯಾರಿಗೆ ಎಂದಷ್ಟೇ ಕೇಳಿದ.

ಮರುದಿನ ಮುಂಜಾನೆ ಪ್ರೆಸ್ಸಿಗೆ ಹೋಗುವ ದಾರಿ ಬಸ್‌ಸ್ಟ್ಯಾಂಡಿನ ಮುಂದೆಯೇ ಇತ್ತು. ಹೊಂಬಳದ ಬಸ್ಸು ಬಂದು ನಿಂತಿತ್ತು. ಕಾಲು ತಾನೇ ನಿಂತಿತು. ಜನ ಒಬ್ಬರ ಮೇಲೊಬ್ಬರು ಬಿದ್ದು ಇಳಿಯುತ್ತಿದ್ದರು. ಎಡಗಡೆಯ ಮೂರನೇ ಸೀಟಿನಲ್ಲಿ ಯಾರೂ ಇರಲಿಲ್ಲ. ಕೆಂಪು ಚೌಕುಳಿಯ ಟವೆಲ್ ಒಂದೇ ಇತ್ತು.

ತಿಪ್ಪವ್ವ ಬುಟ್ಟಿಯೊಂದಿಗೆ ಇಳಿದವಳೇ ಅವಳನ್ನು ಕಂಡಳು. “ಬಾರವಾ, ಬಾ! ನಿನ್ನ ಗಂಡನ ಟಾವೆಲ್ ರಾಣಿ ಹಂಗ ಕುಂತ ಬಂದೈತಿ. ನಾ ಕಂಬಿ ಹಿಡಕೊಂಡ ನಿಂತ ಬಂದೇನಿ.”

“ನೀವು ಕುಂಡ್ರಬೇಕಿತ್ತು ದೊಡ್ಡವ್ವಾ. ನಾ ಇದ್ದಿಲ್ಲಲ್ಲ.”

“ಹೆಂಗ ಕುಂಡರ್ಲಿ? ಟಾವೆಲ್ ಇತ್ತಲ್ಲ!” ತಿಪ್ಪವ್ವನಿಗೆ ಇಂಥ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

ಹುಲಗಪ್ಪ ಟವೆಲ್ ತಂದು ಕೊಟ್ಟ. “ಪಾಪ, ಅವಗ ನೆನಪಿದ್ದಿಲ್ಲ ತಂಗೀ. ಬಸ್ಸ ಬಂತು, ಕೈ ತಾನ ಟಾವೆಲ್ ಕಿಟಕಿಯೊಳಗ ಒಗೀತು. ಒಗದ ಮ್ಯಾಲೆ ನೀ ನಿಂದ್ರೂ ಜಾಗಾ ನೋಡಿದ. ಆಮ್ಯಾಲೆ ನೆನಪಾತು ಕಾಣತೈತಿ. ಟಾವೆಲ್ ಕೊಡ್ಲೇನೋ ಅಂದೆ. ಕೇಳಿಸಿಕೊಳ್ಳಲಿಲ್ಲ, ಹೋದ.”

ರೂಢಿ ಎಂದು ಮೆಹನಾಜ ಅಂದುಕೊಂಡಳು. ಗಾಣದ ಎತ್ತು ಗಾಣ ಇಲ್ಲದಿದ್ದರೂ ಸುತ್ತುತ್ತದೆ. ಅದರಲ್ಲಿ ಪ್ರೀತಿ ಹುಡುಕಿದರೆ ಹುಡುಕಿದವರದೇ ತಪ್ಪು. ಸಂಜೆ ಟವೆಲ್ಲನ್ನು ಮತ್ತೆ ಕಂಡಕ್ಟರನ ಕೈಗೆ ಕೊಟ್ಟಳು.

ಮಾರನೆಯ ಮುಂಜಾನೆ ಆ ಕಡೆ ನೋಡಬಾರದು ಎಂದುಕೊಂಡೇ ಬಂದಳು. ನೋಡಿದಳು. ಟವೆಲ್ ಕೂತಿತ್ತು.

ಈ ಸಲ ಹುಲಗಪ್ಪ ನಗುತ್ತಿರಲಿಲ್ಲ. “ಇವತ್ತ ಮರತಿದ್ದಿಲ್ಲ ತಂಗೀ” ಅಂದ. “ಮೊದಲ ನಿನ್ನ ಜಾಗಾ ನೋಡಿದ, ನೀ ಇಲ್ಲ ಅಂತ ಖಾತ್ರಿ ಮಾಡಿಕೊಂಡ. ಆಮ್ಯಾಲೆ ಒಗದ. ‘ಲೇ ಅಝೀಮ, ಆಕಿ ಗದಗಿನ್ಯಾಗ ಅದಾಳ, ಯಾರಿಗೆ ಹಿಡೀತೀ’ ಅಂದೆ. ಏನಂದ ಗೊತ್ತೇನು?”

“ಏನಂದ್ರು ಕಾಕಾ?”

“ಹೂಂ ಅಂದ.”

ಪ್ರೆಸ್ಸಿನಲ್ಲಿ ನಿಶಾತ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಟಾವೆಲ್ಲಿಗೆ ಪಾಸ್ ಮಾಡಸು, ದಿನಾ ಅಡ್ಡಾಡತೈತಿ! ಫೋನ್ ಮಾಡಂಗಿಲ್ಲೇನ ನಿನ್ನ ಗಂಡ?”

“ಮಾಡಿದ್ರು. ಮಷಿನ್ ಸಪ್ಪಳ ಕೇಳಿಸಿತು. ಇಟ್ಟುಬಿಟ್ರು.”

“ನೀ ಯಾಕ ಏನೂ ಅನ್ಲಿಲ್ಲ?”

ಮೆಹನಾಜ ಪರದೆಯ ಮೇಲಿದ್ದ ವಧುವಿನ ಹೆಸರನ್ನು ನಡುವಿಗೆ ಸರಿಸಿದಳು. ನಿಶಾತಳ ಪ್ರಶ್ನೆ ಸಣ್ಣದು, ಆದರೆ ಅದು ಅಲ್ಲೇ ಉಳಿಯಿತು. ಅಝೀಮ ಮಾತಾಡುವುದಿಲ್ಲ ಎಂದು ಅವಳು ದೂರುತ್ತಾಳೆ. ಅವಳೋ ದಿನವಿಡೀ ಮಾತಾಡುತ್ತಾಳೆ: ಪ್ರೆಸ್ಸಿನ ಸುದ್ದಿ, ಬಸ್ಸಿನ ಜಗಳ, ತಿಪ್ಪವ್ವನ ಮೊಣಕಾಲು. ಇಷ್ಟೆಲ್ಲದರ ಕೆಳಗೆ ಅವಳೂ ಒಂದು ಮಾತನ್ನು ಬಾಯಲ್ಲಿ ಹತ್ತಿಯಂತೆ ಅದುಮಿ ಇಟ್ಟುಕೊಂಡಿದ್ದಳು. ಅವನಿಗೆ ತಾನು ಏನು ಮಾಡಿದೆನೆಂದು ಗೊತ್ತೇ ಇರಲಿಲ್ಲ. ಗೊತ್ತಾಗುವ ಹಾಗೆ ಯಾರೂ ಹೇಳಿರಲಿಲ್ಲ.

ಆ ಸಂಜೆ ಅವಳು ಬಸ್‌ಸ್ಟ್ಯಾಂಡಿಗೆ ಹೋಗಲಿಲ್ಲ. ಟವೆಲ್ಲನ್ನು ಒಗೆದು ಮಾಳಿಗೆಯ ಹಗ್ಗಕ್ಕೆ ಹಾಕಿದಳು. ಬೇಕಾದವರು ಬಂದು ಕೇಳಲಿ. ಬರದಿದ್ದರೆ ಅದೂ ಒಂದು ಉತ್ತರ. ಖೋಲಿ ಇದೆ, ಕೆಲಸವಿದೆ, ಸೀಸನ್ ಎಂಬ ಮಾತನ್ನು ಎಷ್ಟು ಕಾಲ ಬೇಕಾದರೂ ಎಳೆಯಬಹುದು. ಪಕ್ಕದ ಮನೆಯಲ್ಲಿ ಮಗ್ಗದ ಸದ್ದು ನಡೆದೇ ಇತ್ತು.

ಮರುದಿನ ಮೂರನೇ ಸೀಟಿನಿಂದ ತಿಪ್ಪವ್ವ ಇಳಿದಳು.

“ಇವತ್ತ ಬರೀ ಕೈಲೆ ಬಂದಿದ್ದ ನಿನ್ನ ಗಂಡ. ಬಸ್ಸ ನೋಡಿದ, ಹೊಳ್ಳಿ ಹೋದ. ನಾ ಕುಂತೆ.” ಬುಟ್ಟಿಯನ್ನು ತಲೆಗೆ ಏರಿಸಿಕೊಳ್ಳುತ್ತ ಅಂದಳು, “ಆದ್ರ ಸುಖಾ ಅನಸಲಿಲ್ಲ ಬಿಡವಾ. ಯಾರದೋ ಮನಿಯಾಗ ಕೇಳದ ಮಲಕೊಂಡಂಗ ಆತು.”

ಆಮೇಲಿನ ದಿನಗಳಲ್ಲಿ ಮೆಹನಾಜ ಆ ಹೊತ್ತಿಗೆ ಬೇರೆ ದಾರಿ ಹಿಡಿದಳು. ಟವೆಲ್ ಅವಳ ಬ್ಯಾಗಿನಲ್ಲೇ ಇರುತ್ತಿತ್ತು. ಯಾಕೆ ಹೊತ್ತು ತಿರುಗುತ್ತಿದ್ದಾಳೆಂದು ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ.

ಅಝೀಮ ಬಂದದ್ದು ಒಂದು ಮಧ್ಯಾಹ್ನ. ಮಾಲೀಕರು ಊಟಕ್ಕೆ ಹೋಗಿದ್ದರು. ಪ್ರೆಸ್ಸಿನ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಕೌಂಟರಿನ ಆಚೆ, ಪತ್ರಿಕೆ ಮಾಡಿಸಲು ಬಂದ ಗಿರಾಕಿಯಂತೆ ನಿಂತ. ಕೂದಲಲ್ಲಿ ಹತ್ತಿಯ ಎಳೆಗಳಿದ್ದವು. ಕೊರಳಲ್ಲಿ ಹಸಿರು ಬಟ್ಟೆಯ ಚೂರೊಂದು ಸಡಿಲಾಗಿ ಜೋತುಬಿದ್ದಿತ್ತು. ಅದು ಗುಲಾಬಬಿಯ ಹಳೆಯ ಸೀರೆಯ ತುಂಡೆಂದು ಮೆಹನಾಜಳಿಗೆ ನೋಡುತ್ತಲೇ ತಿಳಿಯಿತು. ಅದನ್ನು ಮೂಗಿಗೆ ಕಟ್ಟಿ ಕಟ್ಟಿ ಮಡಿಕೆಯ ಗೆರೆಗಳು ಗಟ್ಟಿಯಾಗಿದ್ದವು. ಒಂದೆರಡು ದಿನಗಳ ಗೆರೆಗಳಲ್ಲ ಅವು. ಟವೆಲ್ ತನ್ನ ಜೊತೆ ಗದಗಿಗೆ ಬಂದಷ್ಟು ಕಾಲದ ಹಗಲುಗಳೆಲ್ಲ ಆ ಗೆರೆಗಳಲ್ಲಿದ್ದವು.

ನಿಶಾತ ಎರಡು ಕಟ್ಟು ಪತ್ರಿಕೆ ಎತ್ತಿಕೊಂಡು ಒಳಗೆ ಹೋದಳು.

“ಟಾವೆಲ್ ಐತೇನು?” ಎಂದ ಅಝೀಮ.

“ಐತಿ.”

ಅವಳು ಕೊಡಲಿಲ್ಲ. ಅವನು ಕೈ ಚಾಚಲಿಲ್ಲ.

“ಅವ್ವ ಕೇಳಾಕ ಹತ್ಯಾಳ, ಸೀಸನ್ ಯಾವಾಗ ಮುಗೀತೈತಿ ಅಂತ.”

“ಅತ್ತಿ ಕೇಳ್ಯಾರ. ನೀವು?”

ಅವನು ಕೌಂಟರಿನ ಗಾಜಿನ ಕೆಳಗಿದ್ದ ಮಾದರಿ ಪತ್ರಿಕೆಗಳನ್ನು ನೋಡಿದ. “ನಾ ಸೀಟ ಹಿಡದಿದ್ದೆನಲ್ಲ” ಅಂದ.

ಅವಳಿಗೆ ನಗು ಬಂತು, ಅದರ ಬೆನ್ನಿಗೇ ಸಿಟ್ಟು ಬಂತು. ಎರಡನ್ನೂ ನುಂಗಿದಳು. ಆಮೇಲೆ ಅವಳು ಕೇಳಿದ್ದು ಅವಳಿಗೇ ಬೇರೆ ಯಾರೋ ಕೇಳಿದಂತೆ ಕೇಳಿಸಿತು.

“ನಮ್ಮ ಅಮ್ಮೀ ಗಾದಿ ಯಾಕ ಬಿಚ್ಚಿದ್ರಿ?”

ಅಝೀಮ ತಲೆ ಎತ್ತಿದ. ಇಂಥ ಒಂದು ಪ್ರಶ್ನೆ ಇದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಹತ್ತಿಯ ಗಂಟಿನಲ್ಲಿ ಎಳೆ ಹುಡುಕುವಾಗ ಅವನ ಬೆರಳು ಆಡುವ ಹಾಗೆ ಮುಖದಲ್ಲಿ ಏನೋ ಆಡುತ್ತಿತ್ತು.

“ಮಾವ ಅದರ ಮ್ಯಾಲ ಮಲಗವಲ್ರಾಗಿದ್ರು” ಅಂದ ಕೊನೆಗೆ. “ಬಾಜೂಕ ನೆಲದ ಮ್ಯಾಲ ಚಾದರ ಹಾಸಿ ಮಲಗತಿದ್ರು. ಆ ಥಂಡ್ಯಾಗ. ನಸಿಕಿನ್ಯಾಗ ಎದ್ದು ಗಾದಿ ಮ್ಯಾಲ ಕೈ ಆಡಸತಿದ್ರು, ಗೋಡಿ ಕಡೆ. ನಾ ನೋಡಿದೆ. ಅದು ಹೊಸಾದಾದ್ರ ಮಲಗ್ಯಾರು ಅಂತ…” ಮಾತು ಅಲ್ಲಿಗೆ ಮುಗಿಯಿತು ಅನ್ನಿಸಿತು. ಮುಗಿದಿರಲಿಲ್ಲ. “ನನಗ ಬರೂದು ಅದೊಂದ.”

“ಮಲಗಿದ್ರೇನು?”

“ಇಲ್ಲ.”

ಒಳಗೆ ಯಂತ್ರ ಪತ್ರಿಕೆಗಳನ್ನು ಕತ್ತರಿಸುತ್ತಿತ್ತು. ತನ್ನ ತಂದೆ ಹಾಗೆ ಕೈಯಾಡಿಸುತ್ತಿದ್ದರು ಎಂಬುದು ಮೆಹನಾಜಳಿಗೆ ಗೊತ್ತಿರಲಿಲ್ಲ. ಅಷ್ಟು ಮಾತಾಡುವ ಅಬ್ಬಾ ಅದನ್ನು ಹೇಳಿರಲಿಲ್ಲ. ಅವರಿಗೆ ಮುಂಜಾನೆ, ಅವಳಿಗೆ ಮಧ್ಯಾಹ್ನ. ಒಂದೇ ತಗ್ಗಿಗೆ ಇಬ್ಬರೂ ಗುಟ್ಟಾಗಿ ಹೋಗಿ ಬರುತ್ತಿದ್ದರು.

“ನಾ ಅದರಾಗ ಮಲಗತಿದ್ದೆ” ಅಂದಳು. “ಮಧ್ಯಾಹ್ನ, ನೀವೆಲ್ಲ ಮಲಗಿದಾಗ. ಅಮ್ಮೀ ತಗ್ಗಿನ್ಯಾಗ.”

ಅಝೀಮ ಕೌಂಟರಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡ. ಕೊರಳಿನ ಹಸಿರು ಬಟ್ಟೆಯಿಂದ ಮುಖ ಒರೆಸಿಕೊಂಡ. ಹತ್ತಿಯ ಎಳೆಯೊಂದು ಹುಬ್ಬಿಗೆ ಅಂಟಿತು.

“ನನಗ ಗೊತ್ತಿದ್ದಿಲ್ಲ” ಅಂದ. ಮತ್ತೆ, “ಕೇಳಬೇಕಿತ್ತು” ಅಂದ.

“ನಾನೂ ಹೇಳಬೇಕಿತ್ತು.”

ಗಿರಾಕಿಯೊಬ್ಬ ಬಂದು ಪತ್ರಿಕೆಯ ದರ ವಿಚಾರಿಸಿದ. ಮೆಹನಾಜ ಅವನಿಗೆ ಮಾದರಿ ತೋರಿಸಿದಳು. ಅಝೀಮ ಪಕ್ಕಕ್ಕೆ ಸರಿದು ನಿಂತ. ಗಿರಾಕಿ ಹೋದಮೇಲೂ ಅಲ್ಲೇ ನಿಂತಿದ್ದ. ಅವನಿಗೆ ಹೋಗಲು ತಿಳಿಯಲಿಲ್ಲ, ಅವಳೂ ಹೋಗಿರಿ ಅನ್ನಲಿಲ್ಲ. ನಿಶಾತ ಹೊರಗೆ ಬಂದು ಇಬ್ಬರನ್ನೂ ನೋಡಿ, ಒಂದು ಸ್ಟೂಲು ತಂದು ಅವನ ಮುಂದೆ ಇಟ್ಟಳು. “ಕುಂಡ್ರಿ ಭಾಯ್. ಸುಮ್ಮನ ನಿಂತ್ರ ಕೂಲಿ ಕೊಡಂಗಿಲ್ಲ ಇಲ್ಲಿ. ಈ ಪತ್ರಿಕಿ ಮಡಚ್ರಿ.”

ಸಂಜೆಯವರೆಗೆ ಅವನು ಯಾರದೋ ಲಗ್ನಪತ್ರಿಕೆ ಮಡಚಿದ. ಅಂಚಿಗೆ ಅಂಚು ಸರಿಯಾಗಿ ಕೂಡುತ್ತಿತ್ತು.

ಸಂಜೆಯ ಹೊಂಬಳದ ಬಸ್ಸು ಬಸ್‌ಸ್ಟ್ಯಾಂಡಿನೊಳಗೆ ತಿರುಗುವಾಗ ಜನ ಅದರ ಬೆನ್ನುಹತ್ತಿ ಓಡಿದರು. ಮೆಹನಾಜ ಬ್ಯಾಗಿನಿಂದ ಟವೆಲ್ ತೆಗೆದಳು. ಅಝೀಮ ಕೈ ಚಾಚಿದ. ಅವಳು ಕೊಡದೆ, ತಾನೇ ಓಡಿ, ಮೂರನೇ ಕಿಟಕಿಗೆ ಗುರಿಯಿಟ್ಟು ಎಸೆದಳು. ಟವೆಲ್ ನಾಲ್ಕನೇ ಕಿಟಕಿಯಿಂದ ಹೋಗಿ, ಆಗಲೇ ಹತ್ತಿ ಕೂತಿದ್ದ ಹುಲಗಪ್ಪನ ತಲೆಯ ಮೇಲೆ ಬಿತ್ತು.

“ಯಾರ ಲೇ ಅದು ಕುರುಡಾ!” ಹುಲಗಪ್ಪ ಟವೆಲ್ ಎಳೆದು ನೋಡಿದ. ಕಿಟಕಿಯಿಂದ ಕೆಳಗೆ ನೋಡಿದ. ಟವೆಲ್ಲನ್ನು ಮುಂದಿನ ಸೀಟಿನ ಮೇಲೆ ಅಗಲವಾಗಿ ಹಾಸಿದ.

ಅಷ್ಟರಲ್ಲಿ ತಿಪ್ಪವ್ವ ಖಾಲಿ ಬುಟ್ಟಿಯೊಂದಿಗೆ ಹತ್ತಿಬಿಟ್ಟಿದ್ದಳು. ಟವೆಲ್ ಕಂಡು ಮೊಣಕಾಲು ಹಿಡಿದುಕೊಂಡು ನಿಂತಳು.

“ಕುಂಡ್ರಿ ದೊಡ್ಡವ್ವಾ” ಎಂದು ಹತ್ತಿ ಬಂದ ಮೆಹನಾಜ ಕಿಟಕಿಯ ಕಡೆ ಸರಿದು ಕೂತು ಪಕ್ಕಕ್ಕೆ ಜಾಗ ಮಾಡಿದಳು.

“ನಿನ್ನ ಗಂಡಗ ಹಿಡದಿದ್ದಲ್ಲೇನ ಇದು?”

“ಅವರಿಗೆ ನಿಂದ್ರೂದು ರೂಢಿ ಐತಿ.”

“ಹಂಗಾದ್ರ ಇರವಲ್ದ್ಯಾಕ” ಎಂದು ತಿಪ್ಪವ್ವ ಕೂತು ದೊಡ್ಡದಾಗಿ ಉಸಿರು ಬಿಟ್ಟಳು. ಚೀಲ ಬೆಟಗೇರಿಯ ಖೋಲಿಯಲ್ಲೇ ಇತ್ತು. ಅದನ್ನು ತರಬೇಕೆಂದು ಮೆಹನಾಜ ಅಂದಿರಲಿಲ್ಲ, ಅಝೀಮನೂ ಕೇಳಿರಲಿಲ್ಲ. ಬಹಳ ದಿನ ಅದು ಅಲ್ಲೇ ಉಳಿಯಿತು. ಕೊನೆಗೊಂದು ದಿನ ನಿಶಾತಳೇ ಪ್ರೆಸ್ಸಿಗೆ ತಂದುಕೊಟ್ಟಳು.

ಬಸ್ಸು ಊರು ದಾಟಿತು. ಅಝೀಮ ಸೀಟಿನ ಕಂಬಿ ಹಿಡಿದು ನಿಂತಿದ್ದ. ಹೊಲಗಳ ಮೇಲೆ ಬೆಳಕು ತಗ್ಗುತ್ತಿತ್ತು. ಎಲ್ಲೋ ಒಂದು ಕಡೆ, ಯಾರೂ ಕೇಳದೆ, ಅವನು ಬಾಗಿ ಅಂದ: “ಈ ಸಲ ಹತ್ತಿ ಚಲೋ ಬಂದೈತಿ. ಎಳಿ ಉದ್ದ ಅದಾವು.”

ಮೆಹನಾಜ ಕಿಟಕಿಯಾಚೆ ನೋಡುತ್ತಿದ್ದಳು.

“ಹೂಂ” ಅಂದಳು.